ಓಡಿಸುವವರಿಗೆ ಮಾತ್ರ

ನನ್ನ ತಮ್ಮ ಮದುವೆಯಾಗುವ ವಯಸ್ಸಿನಲ್ಲಿ ಒಂದು ಹಳೇ ಕಾರು ತಂದು ಕಟ್ಟಿಕೊಂಡ. ಹೀಗೆ ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ. ಬರಲಿ. ಕೊಲ್ಹಾಪುರದ ಹತ್ತಿರ ಶಿರೋಳಿಯ ಫೌಂಡ್ರಿಯೊಂದರಲ್ಲಿ ಕಬ್ಬಿಣದ ಎರಕ ಹೊಯ್ದು ವರ್ಷಗಟ್ಟಲೆ ದುಡಿದದ್ದನ್ನೆಲ್ಲ ಆ ಗಾಡಿಯ ಹೊಟ್ಟೆಗೆ ಹಾಕಿದವನು ಅವನು, ಬಾಗಿಲಲ್ಲಿ ನಿಂತು ನೋಡಿದವಳು ನಾನು. ಕೊನೆಗೆ ಅದನ್ನು ಮಾರಿದವಳೂ ನಾನೇ. ಮಾರಿದ ರೀತಿ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆದರೆ ಅಂಥದೇ ಹೊತ್ತು ಮತ್ತೆ ಬಂದರೆ ಮತ್ತೆ ಹಾಗೆಯೇ ಮಾರುತ್ತೇನೆ.

ಮನೆಯಲ್ಲಿ ನಾವಿಬ್ಬರೇ. ಗಂಡ ತೀರಿಕೊಂಡ ಮೇಲೆ ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ಗಡಹಿಂಗ್ಲಜದ ತವರುಮನೆಗೆ ಬಂದೆ, ಅಪ್ಪ ಅವ್ವ ಹೋದ ಮೇಲೂ ಅಲ್ಲೇ ಉಳಿದೆ. ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಊರವರಿಗೆ ನಾನು ಬಾಯಾರು, ಅಂದರೆ ಟೀಚರು. ತಮ್ಮ ಶಿರೋಳಿಯಲ್ಲಿ ಖೋಲಿ ಹಿಡಿದು ಇರುತ್ತಿದ್ದ, ವಾರದ ಸೂಟಿಗೆ ಮನೆಗೆ ಬರುತ್ತಿದ್ದ. ಬಂದವನು ಕೈಕಾಲು ತೊಳೆಯುವ ಮೊದಲು ಬಾನೆಟ್ ಎತ್ತಿ ನಿಲ್ಲುತ್ತಿದ್ದ.

ಕಾಗದಪತ್ರದಲ್ಲಿ ಅದು ಬಿಳಿ ಬಣ್ಣದ ಸಾದಾ ಪೆಟ್ರೋಲ್ ಕಾರು. ಯಾರೋ ಮರ್ಯಾದಸ್ಥರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೇವರಿಗೆ ಹೋಗಿಬಂದಂಥ ಗಾಡಿ. ನಮ್ಮವನ ಕೈಗೆ ಬಂದ ಮೇಲೆ ಅದು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಗಾಲಿ ಅಗಲವಾದವು, ಸೀಟು ಕೆಂಪಾದವು, ಸ್ಟೀರಿಂಗ್ ರೊಟ್ಟಿಯಷ್ಟು ಚಿಕ್ಕದಾಯಿತು. ಕೀಲಿ ಹೋಗಿ ಗುಂಡಿ ಬಂತು, ಒತ್ತಿದರೆ ಚಾಲೂ. ಸೈಲೆನ್ಸರ್ ಸದ್ದಿಗೆ ಎದುರುಮನೆಯ ಮುದುಕಿ ವಾರವಾರವೂ ಶಾಪ ಹಾಕುತ್ತಿದ್ದಳು. ಇಷ್ಟು ಸಾಲದೆಂದು ಗಾಡಿಯನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿದ್ದ. ಕಬ್ಬಿನ ಟ್ರ್ಯಾಕ್ಟರ್ ಓಡಿ ಓಡಿ ಕಿತ್ತುಹೋದ ನಮ್ಮ ರಸ್ತೆಗೆ ಇಂಥ ಗಾಡಿ! ಹಂಪ್ ಬಂದಾಗಲೊಮ್ಮೆ ಭಾರ ಇಳಿಸಲು ನಾನು ಇಳಿಯಬೇಕು, ಗಾಡಿ ದಾಟಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ಹತ್ತಬೇಕು. ಕೊಲ್ಹಾಪುರದ ದಾರಿಯಲ್ಲಿ ಎಷ್ಟು ಹಂಪ್ ಇವೆ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ.

“ಇಷ್ಟ ರೊಕ್ಕಾ ಹಾಕಿ ಗಾಡಿ ಮಾಡಿದ್ರೂ ನಾ ನಡಕೋತನ ಹೋಗಬೇಕಲ್ಲೋ,” ಎಂದು ಬೈದರೆ, “ನಿಂಗ ವ್ಯಾಯಾಮ ಆಗ್ಲಿ ಅಂತನ ಮಾಡೇನಿ ಅಕ್ಕಾ,” ಎನ್ನುತ್ತಿದ್ದ.

ಇಂಜಿನ್ ಕೆಟ್ಟದ್ದು ಅವನ ಸೊಕ್ಕಿನಿಂದಲೇ. ಗಾಡಿಗೆ ಜೋರು ಸಾಲದು ಎಂದು ಬೋರ್ ಮಾಡಿಸಿದ. ಅಂದರೆ ಪಿಸ್ಟನ್ ಆಡುವ ಕೊಳವೆಯನ್ನು ಒಳಗಿಂದ ಕೊರೆದು ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂರಿಸುವುದು. ಇಷ್ಟೇ ಕೊರೆಯಬೇಕು ಎಂಬ ಮಿತಿ ಪುಸ್ತಕದಲ್ಲಿ ಇರುತ್ತದಂತೆ. ಶಿರೋಳಿಯವರು ಪುಸ್ತಕ ನೋಡುತ್ತಾರೆಯೇ? “ಊರ ಮಂದಿ ಇಂಜಿನ್ ಬ್ಲಾಕೆಲ್ಲಾ ಹೊಯ್ಯಾವರು ನಾವು. ನಮಗ ಪುಸ್ತಕಾ ತೋರಸ್ತಾರೇನ?” ಎಂದು ಅವನೂ ಲೇತ್ ಇಟ್ಟುಕೊಂಡ ಅವನ ದೋಸ್ತನೂ ಸೇರಿ ಒಮ್ಮೆ ಕೊರೆದರು, ಎರಡನೇ ಸಲ ಕೊರೆದರು, ಮೂರನೇ ಸಲವೂ ಕೊರೆದರು. ಎರಕದವರಿಗೆ ಕಬ್ಬಿಣದ ಮೇಲೆ ಇರುವಷ್ಟು ಭರವಸೆ ದೇವರ ಮೇಲೂ ಇರುವುದಿಲ್ಲ. ಒಳಗಿನ ಗೋಡೆ ತೆಳ್ಳಗಾಗಿ ಇಂಜಿನ್ ಆಯಿಲ್ ಕುಡಿಯತೊಡಗಿತು, ಹಿಂದಿನಿಂದ ನೀಲಿ ಹೊಗೆ ಬಿಡತೊಡಗಿತು. ಆ ಕೊಳವೆಗಳಿರುವ ಇಡೀ ಬ್ಲಾಕನ್ನೇ ಬೇರೆ ಹಾಕದೆ ಗತಿಯಿಲ್ಲ. ಹಾಕುತ್ತೇನೆ, ದಸರೆಯೊಳಗೆ ಹಾಕುತ್ತೇನೆ ಎನ್ನುತ್ತಿದ್ದ.

ದಸರೆಗೆ ಅವನು ಕೊಲ್ಹಾಪುರದ ಆಸ್ಪತ್ರೆಯಲ್ಲಿದ್ದ. ಎರಕ ಹೊಯ್ಯುವ ಮರಳಿನ ಅಚ್ಚಿನಲ್ಲಿ ಎಲ್ಲೋ ತೇವ ಉಳಿದಿತ್ತು. ಕರಗಿದ ಕಬ್ಬಿಣ ತೇವದ ಮೇಲೆ ಬಿದ್ದರೆ ಸಿಡಿಯುತ್ತದೆ. ಕಣ್ಣಿಗೆ ಹಾಕುವ ಗಾಗಲ್ ಅವನ ಹಣೆಯ ಮೇಲಿತ್ತು. ಬೆವರಿಗೆ ಮಂಜಾಗುತ್ತದೆಂದು ಅಲ್ಲಿ ಎಲ್ಲರೂ ಹಾಗೆಯೇ ಮೇಲೇರಿಸುತ್ತಾರೆ. ಎರಡೂ ಕಣ್ಣು ಹೋದವು. ಡಾಕ್ಟರು ಹೇಳಿದ ದಿನ ನಾನು ಅತ್ತೆ, ಅವನು ಅಳಲಿಲ್ಲ. “ಗಾಡಿ ಎಲ್ಲೈತಿ?” ಎಂದು ಕೇಳಿದ.

ಅವನ ದೋಸ್ತ ಗಾಡಿಯನ್ನು ಗಡಹಿಂಗ್ಲಜಕ್ಕೆ ತಂದು ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ಹೋದ. ಆಸ್ಪತ್ರೆಯಿಂದ ಮನೆಗೆ ಬಂದ ತಮ್ಮ ಒಂದು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಒಂದು ದಿನ ಗೋಡೆ ಹಿಡಿದು ಹಿಡಿದು ಶೆಡ್ಡಿಗೆ ಹೋದ. ಅಂದಿನಿಂದ ಅದೇ ಅವನ ಊರು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಹೋಗಿ ಸ್ಟೀರಿಂಗ್ ಮುಂದೆ ಕೂರುತ್ತಿದ್ದ, ಗುಂಡಿ ಒತ್ತಿ ಇಂಜಿನ್ ಚಾಲೂ ಮಾಡುತ್ತಿದ್ದ, ಕಿವಿಗೊಟ್ಟು ಕೇಳುತ್ತಿದ್ದ. ಮೂರನೇ ಪಿಸ್ಟನ್ ಹೀಗೆ ಬಡಿಯುತ್ತಿದೆ, ನಾಲ್ಕನೆಯದು ಹಾಗೆ ಎಂದು ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದ. ನನಗೆ ಪಿಸ್ಟನ್ ಯಾವುದು, ಬೋಲ್ಟು ಬಿಚ್ಚುವ ಪಾನಾ ಯಾವುದು ತಿಳಿಯದು. ಆದರೂ ಮಾತಾಡುತ್ತಿದ್ದಾನಲ್ಲ ಎಂದು ಹೂಂಗುಟ್ಟುತ್ತಿದ್ದೆ. ಬೈದು ಬೈದು ಬೇಸತ್ತಿದ್ದ ಆ ಗಾಡಿಗೆ ಆಗ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಒಂದು ದಿನ ಶಾಲೆಗೆ ಅಚಾನಕ್ಕಾಗಿ ರಜೆ ಕೊಟ್ಟರು. ಹನ್ನೊಂದು ಗಂಟೆಗೇ ಮನೆಗೆ ಬಂದೆ. ಶೆಡ್ಡಿನ ಶಟರ್ ಪೂರಾ ಕೆಳಗಿತ್ತು, ಒಳಗೆ ಇಂಜಿನ್ ಸದ್ದು ಕೇಳುತ್ತಿತ್ತು.

ಶಟರನ್ನು ಹೇಗೆ ಎತ್ತಿದೆನೋ ತಿಳಿಯದು, ಒಳಗೆಲ್ಲ ಉಸಿರು ಕಟ್ಟುವಷ್ಟು ಇಂಜಿನ್ ಹೊಗೆ. ಅವನನ್ನು ಬಗಲಿಗೆ ಕೈ ಹಾಕಿ ಎಳೆದು ಅಂಗಳಕ್ಕೆ ತಂದೆ. ವಾಂತಿ ಮಾಡಿಕೊಂಡ, ತಲೆ ಹಿಡಿದುಕೊಂಡು ಬಹಳ ಹೊತ್ತು ಕೂತ. ಇನ್ನು ಸ್ವಲ್ಪ ತಡವಾಗಿದ್ದರೆ ಆ ಹೊಗೆಗೆ ಜೀವ ಉಳಿಯುತ್ತಿರಲಿಲ್ಲ ಎಂದು ಹೇಳಿ ಡಾಕ್ಟರು ಹೋದ ಮೇಲೆ, “ಶಟರ್ ತಾನ ಇಳದೈತಿ ಅಕ್ಕಾ. ನಂಗ ಗೊತ್ತಾಗಲಿಲ್ಲ,” ಎಂದ. ಆ ಶಟರಿನ ಸ್ಪ್ರಿಂಗ್ ಸಡಿಲಾಗಿದ್ದು ನಿಜ, ಅದು ತಾನಾಗಿ ಇಳಿಯುತ್ತಿದ್ದುದೂ ನಿಜ. ಅದಕ್ಕೇ ನಾನು ಅದರ ಕೆಳಗೆ ಒಂದು ಬಿದಿರಿನ ಗಳ ಸಿಗಿಸಿ ಹೋಗುತ್ತಿದ್ದೆ. ಆ ಗಳ ಶೆಡ್ಡಿನ ಒಳಗೆ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಬಿದ್ದಿರಲಿಲ್ಲ, ಯಾರೋ ತೆಗೆದು ನೀಟಾಗಿ ಒರಗಿಸಿಟ್ಟ ಹಾಗಿತ್ತು. ನಾನು ಅದನ್ನು ನೋಡಿದೆ, ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ ನನಗೆ.

ಮರುದಿನ ಬ್ಯಾಟರಿಯ ವೈರು ಕಿತ್ತಿಟ್ಟೆ. ಸಂಜೆ ಬರುವಷ್ಟರಲ್ಲಿ ಅವನು ಮುಟ್ಟಿ ಮುಟ್ಟಿಯೇ ಜೋಡಿಸಿದ್ದ. ಕಣ್ಣಿದ್ದವರೂ ಅಷ್ಟು ಚೆಂದ ಜೋಡಿಸಲಾರರು. ಶಟರಿಗೆ ಬೀಗ ಹಾಕಿದೆ. “ನನ್ನ ತುಡಗ ದನದಂಗ ಕೊಂಡವಾಡದಾಗ ಹಾಕಿದಂಗ ಆತು,” ಎಂದು ಊಟ ಬಿಟ್ಟ. ಎರಡು ದಿನಕ್ಕೆ ನಾನೇ ಸೋತು ಬೀಗ ತೆಗೆದೆ. ಶಾಲೆಯಲ್ಲಿ ಪಾಠ ಹೇಳುವಾಗ ಬಾಯಿ ಪುಸ್ತಕದಲ್ಲಿ, ಜೀವ ಶೆಡ್ಡಿನಲ್ಲಿ. ಈ ಗಾಡಿ ಮನೆಯಿಂದ ಹೋಗಲೇಬೇಕು ಎಂದು ಹಟ ಹಿಡಿದೆ.

ಅವನು ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಆಡಲಿಲ್ಲ. “ಮಾರು,” ಎಂದ. “ಆದ್ರ ಓಡಸಾವರಿಗೆ ಮಾತ್ರ ಕೊಡು. ಇಂಜಿನ್ ಕೆಟ್ಟೈತಿ ಅಂತ ಮೊದಲ ಹೇಳು. ಮುರಿಯಾವರಿಗೆ ಬ್ಯಾಡ. ಯಾರರೆ ಒಬ್ರು ಅದನ್ನ ರಸ್ತೆ ಮ್ಯಾಲ ಓಡಸಾಕತ್ತಾರು ಅಂತ ಗೊತ್ತಿದ್ರ ಸಾಕು, ನಾ ಹೆಂಗರೆ ಇರತೇನಿ.”

ದೇವರ ಗೂಡಿನಿಂದ ವಿಭೂತಿ ಗಟ್ಟಿ ತರಿಸಿ, ಅದರ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡ. ನಾನು ಆಣೆ ಮಾಡಿದೆ. ಆಗ ಮಾಡಿದ್ದು ಪ್ರಾಮಾಣಿಕವಾಗಿಯೇ.

ಮಾರಲು ಹೊರಟ ಮೇಲೆ ಗೊತ್ತಾಯಿತು, ಗಾಡಿಯನ್ನು ಹಾಗೆ ಕಟ್ಟಿದ್ದು ಅವನೊಬ್ಬನಿಗಾಗಿ, ಅದು ಬೇರೆ ಯಾರಿಗೂ ಆಗುವಂಥದ್ದಲ್ಲ ಎಂದು. ಗಾಡಿಗೆ ಹದಿನೈದು ವರ್ಷ ದಾಟಿತ್ತು, ಆರ್.ಟಿ.ಓ. ಕಚೇರಿಯಲ್ಲಿ ತೋರಿಸಿ ಕಾಗದ ಹೊಸದು ಮಾಡಿಸಬೇಕಿತ್ತು. ಫೋಟೋ ಹಿಡಿದು ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಒಬ್ಬ ಅನುಭವಸ್ಥ ಏಜಂಟರು ಫೋಟೋ ನೋಡಿ ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಬಾಯಿ, ಬಣ್ಣಾ, ಗಾಲಿ, ಸೈಲೆನ್ಸರ್ ಎಲ್ಲಾ ಮೊದಲಿದ್ದಂಗ ಮಾಡಿಸ್ಕೊಂಡ ಬರ್ರಿ. ಇಲ್ಲಂದ್ರ ಇದು ಪಾಸ್ ಆಗೂದಿಲ್ಲ,” ಎಂದರು. ಮೊದಲಿದ್ದಂತೆ ಮಾಡುವ ಖರ್ಚಿನಲ್ಲಿ ಇನ್ನೊಂದು ಗಾಡಿ ಬರುತ್ತಿತ್ತು. ಮೊದಲಿದ್ದಂತೆ ಆಗುವುದಿದ್ದರೆ ಗಾಡಿಯೊಂದೇ ಏಕೆ ಆಗಬೇಕು ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ಇಂಜಿನ್ ಕೆಲಸವಿದೆ ಎಂದು ತಮ್ಮ ಹೇಳಿದಂತೆಯೇ ಮೊದಲ ಸಾಲಿನಲ್ಲಿ ಬರೆದೆ. ಫೋನು ಬಂದವು, ಬಂದಷ್ಟೇ ಬೇಗ ನಿಂತವು. ಕೊಲ್ಹಾಪುರದಿಂದ ನಾಲ್ಕು ಜನ ಬಂದರು, ಗಾಡಿಗೆ ಒರಗಿ ನಿಂತು ವಿಡಿಯೋ ಮಾಡಿಕೊಂಡು ಚಹಾ ಕುಡಿದು ಹೋದರು. ಒಬ್ಬನಿಗೆ ಗಾಲಿ ಮಾತ್ರ ಬೇಕಿತ್ತು. ಸಿಟ್ಟಿಗೆದ್ದ ತಮ್ಮ ಅವನನ್ನು ಅಂಗಳ ಬಿಡಿಸಿದ. ಇಚಲಕರಂಜಿಯಿಂದ ಮಗ್ಗದ ಮಾಲೀಕರೊಬ್ಬರು ಬಂದಾಗ ಮಾತ್ರ ನನಗೆ ಆಸೆ ಹುಟ್ಟಿತು. ಹಳೇ ಗಾಡಿಗಳ ಹುಚ್ಚಿನವರು, ಕೈ ಬಿಚ್ಚಿ ಖರ್ಚು ಮಾಡುವ ಗಿರಾಕಿ. ತಮ್ಮ ಅವರಿಗೆ ಗಾಡಿಯ ಖೋಡಿ, ಕೊರತೆಗಳನ್ನೆಲ್ಲ ತಾನೇ ಎಣಿಸಿ ಹೇಳಿದ. ಅವರು ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಹೊಗೆ ನೋಡಿ ತಲೆಯಾಡಿಸಿದರು. ಹೊರಗೆ ಬಂದು ನನ್ನ ಹತ್ತಿರ ಮೆಲ್ಲಗೆ, “ಬಾಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಇದು ಕಿಲೋ ಲೆಕ್ಕದಾಗ ಹೋಗೂ ಮಾಲು,” ಎಂದರು. ತಾವು ಹಳೇ ಮಗ್ಗಗಳನ್ನು ಮಾರುವ ಗುಜರಿಯವನೊಬ್ಬನ ನಂಬರು ಕೊಟ್ಟು ಹೋದರು.

ನಂಬರನ್ನು ಎರಡು ವಾರ ಪರ್ಸಿನಲ್ಲಿ ಇಟ್ಟುಕೊಂಡೆ. ಈ ನಡುವೆ ಒಂದು ದಿನ ಶಾಲೆಯಿಂದ ಬಂದಾಗ ಶಟರ್ ಅರ್ಧ ಇಳಿದಿತ್ತು. ಅವನು ಒಳಗೆ ಗಾಡಿಯಲ್ಲಿ ಕೂತಿದ್ದ, ಇಂಜಿನ್ ಬಂದಾಗಿತ್ತು. “ಸುಮ್ನ ಕುಂತೇನಿ,” ಎಂದ. ಅರ್ಧ ಇಳಿದ ಆ ಶಟರ್ ನೋಡಿದ್ದೇ ತಡ, ನನ್ನ ಆಣೆ ಅಲ್ಲಿಗೆ ಮುಗಿಯಿತು. ಮುಂದಿನ ಸೂಟಿಗೆ ಇಚಲಕರಂಜಿಯ ಬಸ್ ಹತ್ತಿದೆ.

ಗುಜರಿಯವನದು ಊರಾಚೆ ಒಂದು ಬಯಲು. ಹಳೇ ಕಬ್ಬಿಣದ ಮಗ್ಗಗಳು ರಾಶಿ ಬಿದ್ದಿದ್ದವು. ಹೊಸ ತರಹದ ಮಗ್ಗ ಬಂದಂತೆ ಹಳೆಯವು ಇಲ್ಲಿಗೆ ಬಂದು ಬೀಳುತ್ತವೆ, ಅವನು ಗ್ಯಾಸ್ ಕಟರಿನಿಂದ ಕತ್ತರಿಸಿ ಶಿರೋಳಿಯ ಫೌಂಡ್ರಿಗಳಿಗೆ ಕಳಿಸುತ್ತಾನೆ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಗಡಿ ಭಾಗದವನಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ತಮ್ಮನ ಕಣ್ಣು, ಶೆಡ್ಡು, ಶಟರ್, ಮಾಡಿದ ಆಣೆ. ಹೇಳಿ, “ನೀವು ಕುರುಂದವಾಡದ ಕಡೆ ರೈತ್ರು ಅಂತ ಹೇಳ್ರಿ. ಹೊಲಕ್ಕ ಓಡ್ಯಾಡಾಕ ಗಾಡಿ ಬೇಕಾಗೈತಿ, ಇಂಜಿನ್ ಮಾಡಿಸ್ಕೊಂಡ ಓಡಸ್ತೇನಿ ಅನ್ರಿ,” ಎಂದೆ.

ಅವನು ಕೈಯಲ್ಲಿದ್ದ ಕಟರ್ ಕೆಳಗಿಟ್ಟ. “ಬಾಯಾರ, ಮಗ್ಗ ಒಡ್ಯೂದು ನನ್ನ ದಂಧೆ. ಕಣ್ಣಿಲ್ಲದವರಿಗೆ ಸುಳ್ಳ ಹೇಳೂದು ಅಲ್ಲ,” ಎಂದ.

“ಪಾಪ ನಂಗ ಇರಲಿ.”

“ಪಾಪ ಹಂಗ ಬರಕೊಟ್ಟ ತಗೋಳಾಕ ಬರತೈತೇನ್ರಿ?”

ನಾನು ಅಲ್ಲೇ ಮಗ್ಗದ ಚೌಕಟ್ಟಿನ ಮೇಲೆ ಕೂತುಬಿಟ್ಟೆ. ಹೂಂ ಎನ್ನುವವರೆಗೆ ಏಳುವುದಿಲ್ಲ ಎಂದೆ. ಮಕ್ಕಳು ಪಾಠ ಒಪ್ಪಿಸುವ ತನಕ ಬಿಡದ ಬಾಯಾರ ಹಟ ಅದು. ಮಧ್ಯಾಹ್ನದ ಹೊತ್ತಿಗೆ ಅವನು ಒಪ್ಪಿದ. ಗುಜರಿಯ ದರ ಕೇಳಿದರೆ ತಮ್ಮನಿಗೆ ಸಂಶಯ ಬರುತ್ತದೆ ಎಂದು, ಓಡುವ ಗಾಡಿಯ ದರವಾಗಲು ಬೇಕಾದ ಹೆಚ್ಚಿನ ದುಡ್ಡನ್ನು ನನ್ನ ಕೈಯಿಂದಲೇ ಕೊಟ್ಟು ಬಂದೆ. ಸುಳ್ಳಿಗೆ ಇಷ್ಟು ಅಚ್ಚುಕಟ್ಟಾಗಿ ತಯಾರಿ ಮಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವನು ಬಂದ. ರೈತರ ಹಾಗೆ ಬಿಳಿ ಅಂಗಿ ಹಾಕಿ ಟೊಪ್ಪಿಗೆ ಇಟ್ಟುಕೊಂಡಿದ್ದ. ನೋಡಲಾರದವನ ಮುಂದೆ ಟೊಪ್ಪಿಗೆ ಯಾಕೆ? ಸುಳ್ಳನ್ನು ತನಗೆ ತಾನೇ ನಂಬಿಸಿಕೊಳ್ಳಲು ಹಾಕಿಕೊಂಡಿದ್ದನೋ ಏನೋ. ಗಾಡಿ ಹೇರಿಕೊಂಡು ಹೋಗುವ ಟೆಂಪೋವನ್ನು ದೂರ ಹೆದ್ದಾರಿಯ ಮೇಲೆ ನಿಲ್ಲಿಸಿದ್ದ.

ತಮ್ಮ ಅವನನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿಕೊಂಡು ಗಾಡಿಯ ಸಂಗತಿ ಹೇಳತೊಡಗಿದ. ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಬೇಕು, ಚಳಿಯಲ್ಲಿ ಹೇಗೆ ಚಾಲೂ ಮಾಡಬೇಕು, ಹಂಪ್ ಬಂದರೆ ಹೇಗೆ ಓರೆಯಾಗಿ ಹತ್ತಿಸಬೇಕು. “ಮನೀ ಮಂದಿನ ಇಳಸಬೇಕಾಗತೈತ್ರಿ. ನಮ್ಮಕ್ಕ ಭಾಳ ಬೈತಿದ್ಲು,” ಎಂದು ನಕ್ಕ. ಕಣ್ಣು ಹೋದ ಮೇಲೆ ಅವನು ನಕ್ಕದ್ದು ನಾನು ಅಂದೇ ನೋಡಿದ್ದು. ಕುರುಂದವಾಡ ಹೊಳೆದಂಡೆಯ ಊರಲ್ಲವೇ, ಕೃಷ್ಣೆಗೆ ನೆರೆ ಬಂದರೆ ಗಾಡಿಯನ್ನು ಎಲ್ಲಿ ಇಡುತ್ತೀರಿ ಎಂದೂ ಕೇಳಿದ. ಕೆಳಗಿಳಿಸಿದ ಗಾಡಿ, ಮೊಣಕಾಲು ನೀರು ಬಂದರೂ ಇಂಜಿನ್ ಮುಳುಗುತ್ತದೆ ಎಂಬ ಕಾಳಜಿ ಅವನಿಗೆ.

“ಎತ್ತರದಾಗ ನಮ್ಮ ಅಳಿಯಾರ ಮನೀ ಐತ್ರಿ. ಅಲ್ಲಿ ಇಡತೇನಿ,” ಎಂದ ಗುಜರಿಯವನು. ನನ್ನ ಕಡೆ ನೋಡಲಿಲ್ಲ. ನಾನು ಒಳಗೆ ಹೋಗಿ ಚಹಾದ ಪಾತ್ರೆಯ ಮುಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡೆ.

ಹೊರಗೆ ಬಂದಾಗ ತಮ್ಮ ಕೇಳಿದ, “ಅಕ್ಕಾ, ಒಂದು ಟಾವೆಲ್ ತಗೊಂಡ ಬಾ.”

ನನಗೆ ಅರ್ಥವಾಯಿತು. ನಮ್ಮ ಅಪ್ಪ ಎತ್ತು ಸಾಕಿ ಮಾರುತ್ತಿದ್ದರು. ದನದ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಬಲಗೈ ಹಿಡಿದುಕೊಂಡು ಮೇಲೆ ಟಾವೆಲ್ ಹಾಕುತ್ತಾರೆ. ಒಳಗೆ ಬೆರಳು ಒತ್ತಿ, ಬೆರಳು ಮಡಚಿ ಲೆಕ್ಕ ನಡೆಯುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅಪ್ಪನ ಜೊತೆ ಹೋಗಿ ತಮ್ಮ ಅದನ್ನೆಲ್ಲ ಕಲಿತಿದ್ದ. ಕಣ್ಣಿಲ್ಲದವನಿಗೆ ಇದಕ್ಕಿಂತ ಸಲೀಸಾದ ವ್ಯಾಪಾರ ಎಲ್ಲಿ ಸಿಗಬೇಕು? ನಾನು ಸಂತೋಷದಿಂದಲೇ ಟಾವೆಲ್ ತಂದುಕೊಟ್ಟೆ. ಮಾತು ಕಲಿಸಿದ್ದೆ, ದರ ಕಲಿಸಿದ್ದೆ, ಊರು ಕಲಿಸಿದ್ದೆ. ಕೈಯ ವಿಚಾರ ನನ್ನ ತಲೆಗೇ ಬಂದಿರಲಿಲ್ಲ.

ಟಾವೆಲ್ ಕೆಳಗೆ ಇಬ್ಬರ ಕೈ ಸೇರಿದವು. ತಮ್ಮನ ಮುಖದಲ್ಲಿ ಇನ್ನೂ ಆ ನಗುವಿನ ಉಳಿಕೆ ಇತ್ತು. ನೋಡನೋಡುತ್ತ ಅದು ಹೋಯಿತು. ಟಾವೆಲ್ ಮಿಸುಕಾಡಿತು, ನಿಂತಿತು. ಬೆರಳು ಎಣಿಸುವ ಹಾಗಿರಲಿಲ್ಲ ಅದು, ಅಂಗೈಯನ್ನು ತಡವುವ ಹಾಗಿತ್ತು.

“ಕಬ್ಬ ಎಷ್ಟ ಎಕರೆ ಐತ್ರಿ?” ಎಂದು ತಮ್ಮ ಕೇಳಿದ.

“ಮೂರ ಎಕರೆ.”

“ಕಟಾವ ಆತೇನು?”

“ಇಲ್ಲ... ಆತ್ರಿ,” ಎಂದ ಅವನು.

ಟಾವೆಲ್ ಕೆಳಗೆ ಬೆರಳುಗಳ ಲೆಕ್ಕ ನಡೆಯಿತು, ಬೇಗನೆ ಮುಗಿಯಿತು. ಟಾವೆಲ್ ತೆಗೆದು ಮಡಚಿ ನನ್ನ ಕಡೆ ಚಾಚಿ, “ಆತು. ಒಯ್ಯಲಿ,” ಎಂದ. ಗೋಡೆ ಹಿಡಿದು ಒಳಗೆ ಹೋದ. ಗಾಡಿಯನ್ನು ಒಮ್ಮೆ ಮುಟ್ಟಿ ನೋಡುತ್ತಾನೆ ಎಂದುಕೊಂಡಿದ್ದೆ. ಮುಟ್ಟಲಿಲ್ಲ.

ಟೆಂಪೋದವರು ಬಂದು ಗಾಡಿಯನ್ನು ಹೆದ್ದಾರಿಯವರೆಗೆ ಎಳೆದೊಯ್ಯಲು ಹಗ್ಗ ಕಟ್ಟುತ್ತಿರುವಾಗ ಗುಜರಿಯವನು ನನ್ನ ಕೈಯಲ್ಲಿ ದುಡ್ಡು ಇಟ್ಟ. ನಾನು ಮೊದಲೇ ಕೊಟ್ಟಿದ್ದ ಹಣವನ್ನೂ ಹಿಂದಿರುಗಿಸಿದ.

“ಅವರಿಗೆ ಗೊತ್ತಾತ್ರಿ ಬಾಯಾರ,” ಎಂದ. “ನೀವು ಹೇಳಿದ್ದ ರೇಟನ್ನ ನಾ ಬೆರಳಾಗ ಹಿಡದೆ. ಅವರು ನನ್ನ ಬೆರಳ ಬಿಡಿಸಿ ಕಮ್ಮಿ ಹಿಡದ್ರು. ಗುಜರಿ ಮಾಲಿಗೆ ಕೊಡೂ ರೇಟು, ಬರೋಬ್ಬರಿ ಅಷ್ಟ. ಮಾರಾಕ ಕುಂತಾವರು ಕಮ್ಮಿ ಕೇಳಿದ್ದು ನಾ ಇಲ್ಲೀತನಕ ಕಂಡಿಲ್ಲ.” ಅಂಗೈ ಬಿಡಿಸಿ ತೋರಿಸಿದ. ಗ್ಯಾಸ್ ಕಟರಿನ ಕಿಡಿ ಹಾರಿ ಹಾರಿ ಕೈತುಂಬ ಸಣ್ಣ ಸಣ್ಣ ಸುಟ್ಟ ಗುಳಿಗಳು. ಶಿರೋಳಿಯ ಫೌಂಡ್ರಿಯ ಅಂಗಳದಲ್ಲಿ ಇಂಥ ಕೈಗಳ ಜೊತೆ ತಮ್ಮ ಎಷ್ಟು ವರ್ಷ ಬುತ್ತಿ ಹಂಚಿಕೊಂಡು ಉಂಡಿದ್ದನೋ. ಕಬ್ಬು ಕಡಿದ ಕೈ ಯಾವುದು, ಕಬ್ಬಿಣ ಕಡಿದ ಕೈ ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗಾಡಿ ಹೋಯಿತು. ಓಣಿಯ ಹಂಪಿನಲ್ಲಿ ಅದರ ಹೊಟ್ಟೆ ಕರ್ರ್ ಎಂದು ಉಜ್ಜಿದ್ದು ಒಳಗಿನವರೆ­ಗೂ ಕೇಳಿಸಿತು.

ತಮ್ಮ ಮಂಚದ ಮೇಲೆ ಕೂತಿದ್ದ. ನಾನು ಬಾಗಿಲಲ್ಲಿ ನಿಂತೆ.

“ಸುಳ್ಳ ಹೇಳ್ದೆ,” ಎಂದೆ. “ಆಣೆ ಮುರದೆ. ಬೈ ನನ್ನ.”

“ಬೈಯಾಕ ಏನೈತಿ? ಗಾಡಿಗೆ ಒಂದು ರೇಟು, ಕಬ್ಬಿಣಕ್ಕ ಒಂದು ರೇಟು. ಕಬ್ಬಿಣಾ ಮಾರೇವಿ, ಕಬ್ಬಿಣದ ರೇಟ ಕೇಳ್ದೆ. ಆ ಮನಷ್ಯಾನ್ನ ಯಾಕ ಲುಕ್ಸಾನ ಮಾಡಬೇಕು?” ಗೋಡೆಗೆ ಒರಗಿ, “ಶಿರೋಳಿಗೇ ಹೋಗತೈತಿ ಅದು. ಭಟ್ಟಿಗೆ,” ಎಂದ.

ನನಗೆ ತಡೆಯಲಾಗಲಿಲ್ಲ. “ನಿನ್ನ ಅದರಾಗ ಒಬ್ಬನ್ನ ಬಿಟ್ಟ ಸಾಲಿಗೆ ಹೋಗಾಕ ನನ್ನ ಕೈಲೆ ಆಗಲಿಲ್ಲೋ. ದಿನಾ ಬರಬೇಕಾದ್ರ ಓಣಿ ತಿರುವಿನ್ಯಾಗ ನಿಂತು ಶೆಡ್ಡಿನ ಕಡೆ ಕಿವಿ ಕೊಡತಿದ್ದೆ,” ಎಂದು ಕೂಗಿಬಿಟ್ಟೆ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಬಂತು.

ಅವನು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದ.

“ನೀ ಸುಳ್ಳ ಹೇಳ್ದಿ, ನಾನೂ ಹೇಳಿದ್ದೆ,” ಎಂದ. “ಶಟರ್ ತಾನ ಇಳೀಲಿಲ್ಲ ಅಕ್ಕಾ. ಗಳಾ ತಗದು ನಾನ ಇಳಿಸಿದ್ದೆ.”

ನನಗೆ ಅದು ಹೊಸದೇನಲ್ಲ. ಮೂಲೆಯಲ್ಲಿ ಒರಗಿದ್ದ ಗಳವನ್ನು ನೋಡಿದ ದಿನವೇ ತಿಳಿದಿತ್ತು. ಆದರೂ ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

“ಈಗ?” ಎಂದು ಕೇಳಿದೆ.

“ಈಗ ಗಾಡಿ ಇಲ್ಲಲ್ಲ.”

ಇನ್ನು ಹಾಗೆ ಮಾಡುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅದೊಂದು ಮಾತಿಗಾಗಿ ನಾನು ಕಾದು ನಿಂತೆ. ಅವನು ಮಂಚದ ಪಟ್ಟಿಯನ್ನು ಬೆರಳಿನಿಂದ ಸವರುತ್ತ ಕೂತ.

ಆಮೇಲೆ ನನಗೆ ಏನಾಯಿತೋ, ಮನೆಯೆಲ್ಲ ಓಡಾಡತೊಡಗಿದೆ. ಬಾವಿಯ ಹಗ್ಗ ಸುತ್ತಿ ತೆಗೆದೆ. ಅಪ್ಪನ ಕಾಲದಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ಔಷಧದ ಡಬ್ಬಿ ಅಟ್ಟದಿಂದ ಇಳಿಸಿದೆ. ನನ್ನ ರಕ್ತದೊತ್ತಡದ ಗುಳಿಗೆಗಳನ್ನೂ ಬಿಡಲಿಲ್ಲ. ಒಂದೊಂದನ್ನೇ ಒಯ್ದು ಎದುರುಮನೆಯ ಮುದುಕಿಯ ಪಡಸಾಲೆಯಲ್ಲಿ ಇಟ್ಟು ಬರುತ್ತಿದ್ದೆ. ಆಕೆ ಯಾಕೆ ಏನು ಎಂದು ಕೇಳಲಿಲ್ಲ, ಜಾಗ ಮಾಡಿಕೊಟ್ಟಳು. ನಾಲ್ಕನೆಯದೋ ಐದನೆಯದೋ ಸಲ ಕೈತುಂಬ ಹೊತ್ತುಕೊಂಡು ಹೊಸ್ತಿಲು ದಾಟುವಾಗ ತಮ್ಮ ಒಳಗಿನಿಂದ ಕೂಗಿದ. ಅಷ್ಟು ಹೊತ್ತೂ ನನ್ನ ಹೆಜ್ಜೆ ಎಣಿಸುತ್ತ ಕೂತಿದ್ದನೆಂದು ಕಾಣುತ್ತದೆ.

“ಮನ್ಯಾಗಿಂದೆಲ್ಲಾ ಮಾರತೀಯೇನ ಅಕ್ಕಾ?”

ನಾನು ಕೈಯಲ್ಲಿದ್ದುದನ್ನು ಹೊಸ್ತಿಲಲ್ಲೇ ಇಳಿಸಿ ಒಳಗೆ ಹೋಗಿ ಅವನ ಪಕ್ಕ ಕೂತೆ. ಮರುದಿನ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.